ನಡು ಬಿಗಿದವರ ಉಡುಪು

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆ ಏರಿದರೂ ಸುದ್ದಿ, ಇಳಿದರೂ ಸುದ್ದಿ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಯ ಬೆಂಬಲ ಬೆಲೆಯನ್ನು 2025ರ ಹಂಗಾಮಿಗೆ ಕ್ವಿಂಟಲಿಗೆ 12,100 ರೂಪಾಯಿ ಎಂದು ನಿಗದಿ ಮಾಡಿದಾಗಲೂ, 2026ರ ಹಂಗಾಮಿಗೆ ಅದನ್ನು 12,500ಕ್ಕೆ ಏರಿಸಿದಾಗಲೂ ಸಾಲದು ಎಂದವರಿದ್ದರು, ಸದ್ಯಕ್ಕೆ ಇಷ್ಟಾದರೂ ಆಯಿತಲ್ಲ ಎಂದವರಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಳೆ, ನುಸಿಪೀಡೆ, ಕಾಯಿ ಕೀಳುವವರ ಕೊರತೆ ಇವೆಲ್ಲವೂ ಜಗಲಿಯ ಮೇಲೂ ವಿಧಾನಸಭೆಯಲ್ಲೂ ಚರ್ಚೆಗೆ ಬರುವ ವಿಷಯಗಳು. ಆದರೆ ತೋಟದಲ್ಲಿ, ನಾರಿನ ಘಟಕದಲ್ಲಿ, ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ದಿನವಿಡೀ ಬಗ್ಗಿ ಎದ್ದು ದುಡಿಯುವ ಹೆಂಗಸು ಏನನ್ನು ಉಟ್ಟು ದುಡಿಯುತ್ತಾಳೆ ಎಂಬುದು ಯಾವ ಚರ್ಚೆಯಲ್ಲೂ ಕಾಣಿಸಿಕೊಂಡಿಲ್ಲ.

ಹೆಣ್ಣಿನ ಉಡುಪು ಎಂದೊಡನೆ ನಮ್ಮ ಮಾತು ಎರಡೇ ದಾರಿ ಹಿಡಿಯುತ್ತದೆ. ಒಂದು, ಮದುವೆ ಮನೆಯ ರೇಷ್ಮೆ. ಇನ್ನೊಂದು, ಕಾಲೇಜು ಹುಡುಗಿಯರ ಜೀನ್ಸ್ ಕುರಿತ ಗೊಣಗಾಟ. ಮೊದಲನೆಯದು ಅಲಂಕಾರದ ಮಾತು, ಎರಡನೆಯದು ಮರ್ಯಾದೆಯ ಮಾತು. ಕುಡುಗೋಲು, ಗುದ್ದಲಿ, ಮಂಕರಿಗಳಂತೆ ಉಡುಪೂ ದುಡಿಮೆಯ ಒಂದು ಉಪಕರಣ ಎಂಬ ಮೂರನೆಯ ಮಾತು ನಮಗೆ ಹೊಳೆಯುವುದು ಅಪರೂಪ.

ನಗರಗಳ ಬಟ್ಟೆ ಮಳಿಗೆಗಳಲ್ಲಿ ಈಗ 'ಸ್ಕಾರ್ಟ್' ಎಂಬ ಉಡುಪು ಎದ್ದು ಕಾಣುತ್ತದೆ. ಸ್ಕರ್ಟ್ ಮತ್ತು ಶಾರ್ಟ್ಸ್ ಎಂಬ ಎರಡು ಪದಗಳನ್ನು ಬೆಸೆದು ಮಾಡಿದ ಹೆಸರು ಅದು. ಹೊರಗಿನಿಂದ ನೋಡಿದರೆ ಲಂಗ, ಒಳಗೆ ಸೇರಿಸಿ ಹೊಲಿದ ಚಡ್ಡಿ. ಟೆನಿಸ್ ಅಂಗಣದಲ್ಲಿ ಹೆಸರು ಮಾಡಿದ ಈ ಉಡುಪು ಬೆಳಗಿನ ನಡಿಗೆಗೂ, ಸ್ಕೂಟರ್ ಸವಾರಿಗೂ, ಮಕ್ಕಳ ಹಿಂದೆ ಓಡಾಡುವ ತಾಯಂದಿರಿಗೂ ಒಗ್ಗಿದೆ. ಅದನ್ನು ಮೆಚ್ಚುವವರು ಹೇಳುವ ಕಾರಣಗಳು ಸರಳವಾದವು: ಕೂರಬಹುದು, ಓಡಬಹುದು, ಬಾಗಬಹುದು, ಗಾಳಿಗೆ ಹೆದರಬೇಕಿಲ್ಲ, ಜೇಬಿದೆ. ಈ ಕಾರಣಗಳಲ್ಲಿ ಫ್ಯಾಷನ್ನಿನ ಪಾಲು ಕಡಿಮೆ, ದೇಹದ ಚಲನೆಯ ಪಾಲು ಹೆಚ್ಚು. ಹಾಗಾದರೆ ಇದೇ ಅಗತ್ಯಗಳು ಮಹಾನಗರದ ಹೆಣ್ಣಿಗಿಂತ ನೂರು ಪಾಲು ಹೆಚ್ಚಾಗಿರುವ ತೆಂಗಿನ ಸೀಮೆಯ ಹೆಣ್ಣು ಏನು ಮಾಡಿಕೊಂಡಿದ್ದಾಳೆ?

ಅವಳು ತನ್ನದೇ ಸ್ಕಾರ್ಟನ್ನು ತಾನೇ ಕಟ್ಟಿಕೊಂಡಿದ್ದಾಳೆ, ಅದಕ್ಕೆ ಹೆಸರಿಟ್ಟಿಲ್ಲ ಅಷ್ಟೆ. ಸೀರೆಯ ಅಂಚನ್ನು ಮೀನಖಂಡದವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಮೇಲೆ ಗಂಡನದೋ ಮಗನದೋ ತುಂಬುತೋಳಿನ ಹಳೆಯ ಅಂಗಿ. ತಲೆಗೊಂದು ಟವೆಲು. ಕೆಲವರು ಸೀರೆಯೊಳಗೆ ಹಳೆಯ ಪೈಜಾಮವನ್ನೋ ಲೆಗ್ಗಿಂಗನ್ನೋ ತೊಡುವುದೂ ಉಂಟು. ಸೋಗೆ ಎಳೆಯುವಾಗ, ಕಾಯಿ ಆಯುವಾಗ, ಉದ್ಯೋಗ ಖಾತರಿಯ ಗುಂಡಿ ತೋಡುವಾಗ ಕಾಣುವ ಈ ವೇಷ ರಸ್ತೆಯಲ್ಲಿ ಕಾರಿನಿಂದ ನೋಡುವವರಿಗೆ ಬಡತನದ ಗುರುತಿನಂತೆ ಕಂಡೀತು. ವಾಸ್ತವದಲ್ಲಿ ಅದು ಲೆಕ್ಕಾಚಾರದಿಂದ ಕೂಡಿದ ಉಡುಪು. ಅಂಗಿಯ ತೋಳು ಬಿಸಿಲನ್ನೂ ಗರಿಯ ಗೀರನ್ನೂ ತಡೆಯುತ್ತದೆ. ನಾರಿನ ಧೂಳು ಮೈಗೆ ಹತ್ತಿ ತುರಿಸದಂತೆ ಕಾಯುತ್ತದೆ. ಬಗ್ಗಿದಾಗ ಸೆರಗು ಜಾರೀತೆಂಬ ಆತಂಕವನ್ನು ಇಲ್ಲವಾಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ಜೇಬಿದೆ. ಮೊಬೈಲು, ಬಸ್ಸಿನ ಚಿಲ್ಲರೆ, ಮಾತ್ರೆಯ ಪೊಟ್ಟಣ, ಎಲೆ ಅಡಿಕೆ ಎಲ್ಲಕ್ಕೂ ಅದೇ ಜಾಗ. ಹೆಂಗಸರ ಉಡುಪಿಗೆ ಜೇಬು ಬೇಕೆಂದು ದರ್ಜಿಗಳಿಗೆ ತೋಚದೆ ಹೋದದ್ದನ್ನು ಅವಳು ಗಂಡಸಿನ ಅಂಗಿಯಿಂದ ಎರವಲು ಪಡೆದಿದ್ದಾಳೆ.

ಈ ಅರಿವು ನಮ್ಮ ಭಾಷೆಗೆ ಹೊಸದೇನಲ್ಲ. ಕೆಲಸಕ್ಕೆ ಸಿದ್ಧವಾಗುವುದನ್ನು ಕನ್ನಡ ಹೇಳುವುದೇ ಉಡುಪಿನ ಮೂಲಕ. ಟೊಂಕ ಕಟ್ಟಿ ನಿಲ್ಲುವುದು, ನಡು ಬಿಗಿಯುವುದು, ಗಂಡುಗಚ್ಚೆ ಹಾಕುವುದು ಮುಂತಾದ ಮಾತುಗಳೆಲ್ಲ ಬಟ್ಟೆಯನ್ನು ದೇಹಕ್ಕೆ ಒಗ್ಗಿಸಿಕೊಂಡ ಮೇಲೆಯೇ ಕೆಲಸ ಎಂಬ ತಿಳಿವಳಿಕೆಯಿಂದ ಹುಟ್ಟಿದವು. 'ಗಂಡುಗಚ್ಚೆ' ಎಂಬ ಪದವಂತೂ ಕುತೂಹಲಕರ. ಕಾಲುಗಳನ್ನು ಬೇರ್ಪಡಿಸಿ ಉಡುವುದು ಗಂಡಿನ ರೀತಿ ಎಂಬ ಎಣಿಕೆಯನ್ನು ಅದು ಒಪ್ಪಿಕೊಳ್ಳುತ್ತದೆ. ಜೊತೆಗೆ, ಅಗತ್ಯ ಬಿದ್ದಾಗ ಹೆಣ್ಣು ಹಾಗೆ ಉಡುವುದನ್ನು ಮೆಚ್ಚುಗೆಯಿಂದಲೇ ಹೇಳುತ್ತದೆ. ಉತ್ತರ ಕರ್ನಾಟಕದ ಹಿರಿಯ ಹೆಂಗಸರು ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊಲಗೆಲಸ ಮಾಡಿದರು. ಗಡಿಯಾಚೆಯ ಮರಾಠಿ ಹೆಣ್ಣುಮಕ್ಕಳ ಒಂಬತ್ತು ಗಜದ ಸೀರೆಯೂ ಅದೇ ಬಗೆಯದು. ಕೊಡಗಿನಲ್ಲಿ ನಿರಿಗೆಗಳು ಬೆನ್ನ ಹಿಂದೆ ಸರಿದಿವೆ. ಅದಕ್ಕೆ ಕಾವೇರಿಯ ಐತಿಹ್ಯವನ್ನು ಹೇಳುತ್ತಾರಾದರೂ ಬೆಟ್ಟ ಹತ್ತುವವಳ ಕಾಲಿಗೆ ಎದುರಿನ ನಿರಿಗೆ ತೊಡರುವುದಿಲ್ಲ ಎಂಬ ಪ್ರಯೋಜನವನ್ನು ಅಲ್ಲಗಳೆಯಲಾಗದು. ಇವೆಲ್ಲವೂ ಹೊಲಿಗೆಯ ಹಂಗಿಲ್ಲದೆ ಮಾಡಿದ ಸ್ಕಾರ್ಟುಗಳೇ.

ಸೀರೆಯನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ದುಡಿಯುವ ಹೆಣ್ಣಿಗೆ ಸೀರೆ ಕೊಟ್ಟಿರುವ ಅನುಕೂಲಗಳನ್ನು ಯಾವ ಹೊಲಿದ ಉಡುಪೂ ಕೊಟ್ಟಿಲ್ಲ. ಸೆರಗನ್ನು ಮಡಿಲು ಮಾಡಿದರೆ ಚೀಲ, ಸುತ್ತಿದರೆ ತಲೆಹೊರೆಯ ಸಿಂಬೆ, ಕಟ್ಟಿದರೆ ಮಗುವಿನ ಜೋಲಿ, ಮೂಗಿಗೆ ಹಿಡಿದರೆ ಧೂಳಿನ ತಡೆ. ತುದಿಯ ಗಂಟಿನಲ್ಲಿ ಹಣ. ಮೈ ಹೆಚ್ಚಲಿ, ಇಳಿಯಲಿ, ಬಸಿರಿರಲಿ, ಬಾಣಂತನವಿರಲಿ ಅದು ಒಲ್ಲೆನೆನ್ನದು. ಹಳತಾದರೆ ಕೌದಿಯಾಗುತ್ತದೆ. ಆದರೆ ಈ ಗುಣಗಳೆಲ್ಲ ಸೀರೆಯನ್ನು ಸಂದರ್ಭಕ್ಕೆ ತಕ್ಕಂತೆ ಬಗ್ಗಿಸುವ ಸ್ವಾತಂತ್ರ್ಯ ಇದ್ದಾಗಿನ ಮಾತು. ನಾವು ಇಂದು 'ಸಂಪ್ರದಾಯ' ಎಂದು ಕರೆಯುವ, ಪೆಟ್ಟಿಕೋಟಿನ ಮೇಲೆ ನಿರಿಗೆ ಹಿಡಿದು, ಕುಪ್ಪಸದ ಮೇಲೆ ಸೆರಗು ಹೊದೆಯುವ ಶಿಷ್ಟ ಶೈಲಿಯ ಇತಿಹಾಸ ಅಷ್ಟೇನೂ ಹಳೆಯದಲ್ಲ. ಕವಿ ರವೀಂದ್ರರ ಅತ್ತಿಗೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯ ಪಾರ್ಸಿ ಮಹಿಳೆಯರ ರೀತಿಯನ್ನು ಕಂಡು, ಮಾರ್ಪಡಿಸಿ, ಬಂಗಾಳದ ಮಧ್ಯಮ ವರ್ಗಕ್ಕೆ ಪರಿಚಯಿಸಿದ ಶೈಲಿ ಇದರ ಒಂದು ಮುಖ್ಯ ಮೂಲ. ಹೆಂಗಸರು ಮನೆಯಿಂದ ಹೊರಗೆ ಸಾರ್ವಜನಿಕ ಜೀವನಕ್ಕೆ ಬರಲು ಅನುಕೂಲವಾಗಲಿ ಎಂಬುದೇ ಅಂದಿನ ಆಶಯ. ಅಂದರೆ ನಮ್ಮ ಸಂಪ್ರದಾಯವೂ ಒಂದು ಕಾಲದ ಸುಧಾರಣೆಯೇ. ಕೂತು ಮಾತನಾಡುವ ಸಭೆಗೆ ಹೊಂದಿದ ಉಡುಪು ಓಡುವ, ಹತ್ತುವ, ಯಂತ್ರದ ಬಳಿ ನಿಲ್ಲುವ ಕೆಲಸಕ್ಕೂ ಹೊಂದಬೇಕೆಂದು ಹಟ ಹಿಡಿದಾಗ ತೊಡಕು ಶುರುವಾಗುತ್ತದೆ.

ಪಶ್ಚಿಮದಲ್ಲಿ ಈ ತೊಡಕು ಬಿಡಿಸಿದ್ದು ಬಹುಮಟ್ಟಿಗೆ ಸೈಕಲ್ಲು. 1851ರಲ್ಲಿ ಅಮೆರಿಕದ ಅಮೇಲಿಯಾ ಬ್ಲೂಮರ್ ತನ್ನ ಪತ್ರಿಕೆಯಲ್ಲಿ ಗಿಡ್ಡ ಲಂಗ ಮತ್ತು ಸಡಿಲ ಇಜಾರವನ್ನು ಸಮರ್ಥಿಸಿದಾಗ ವ್ಯಂಗ್ಯಚಿತ್ರಗಳ ಮಳೆಯೇ ಸುರಿಯಿತು. 1881ರಲ್ಲಿ ಲಂಡನ್ನಿನಲ್ಲಿ ಉಡುಪು ಸುಧಾರಣೆಗೆಂದೇ ಒಂದು ಸಂಘ ಹುಟ್ಟಿತು. ಅದರ ಮುಂದಾಳು ಲೇಡಿ ಹಾರ್ಬರ್ಟನ್ 1898ರಲ್ಲಿ ಸೈಕಲ್ ಸವಾರಿಯ ಸೀಳು ಉಡುಪಿನಲ್ಲಿ ಸರ್ರೆ ಪ್ರಾಂತದ ಹೋಟೆಲೊಂದಕ್ಕೆ ಹೋದಾಗ, ಮರ್ಯಾದಸ್ಥರು ಕೂರುವ ಕೋಣೆಯಲ್ಲಿ ಊಟ ಬಡಿಸಲು ನಿರಾಕರಿಸಲಾಯಿತು. ಮೊಕದ್ದಮೆ ನಡೆದು ಮರುವರ್ಷ ಹೋಟೆಲಿನ ಪರವಾಗಿಯೇ ತೀರ್ಪು ಬಂತು. ಮೂರು ದಶಕಗಳ ತರುವಾಯ, 1931ರಲ್ಲಿ, ಸ್ಪೇನಿನ ಲಿಲಿ ಅಲ್ವಾರೆಜ್ ವಿಂಬಲ್ಡನ್ನಿನಲ್ಲಿ ಎಲ್ಸಾ ಸ್ಕಿಯಾಪರೆಲ್ಲಿ ಹೊಲಿದುಕೊಟ್ಟ ಸೀಳು ಲಂಗ ತೊಟ್ಟು ಆಡಿದಳು. ಇಂದಿನ ಸ್ಕಾರ್ಟಿನ ಹಿರಿಯಜ್ಜಿ ಆ ಉಡುಪು. ಅಂದು ಹುಬ್ಬೇರಿಸಿದವರ ಮೊಮ್ಮಕ್ಕಳಿಗೆ ಅದೊಂದು ಸುದ್ದಿಯೇ ಅಲ್ಲ.

ನಮ್ಮಲ್ಲಿಯೂ ಸೈಕಲ್ಲು ತನ್ನ ಕೆಲಸ ಮಾಡಿದೆ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಅದರ ಗುರಿ ಶಾಲೆ ಬಿಡುವವರ ಸಂಖ್ಯೆ ತಗ್ಗಿಸುವುದಾಗಿತ್ತು. ತೋಟದ ಸಾಲುಗಳ ನಡುವಿನ ಮಣ್ಣುದಾರಿಯಲ್ಲಿ ಹಳ್ಳಿಯಿಂದ ಹೋಬಳಿಯ ಹೈಸ್ಕೂಲಿಗೆ ಸಾಲಾಗಿ ಸೈಕಲ್ ತುಳಿದು ಹೋಗುವ ಹುಡುಗಿಯರ ನೋಟ ಆ ವರ್ಷಗಳ ಕೊಡುಗೆ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಆದರೆ ಹೆಚ್ಚು ಮಾತಿಗೆ ಬಾರದ ಒಂದು ಸಂಗತಿ ಇಲ್ಲಿದೆ: ಹೈಸ್ಕೂಲು ಹುಡುಗಿಯರ ಸಮವಸ್ತ್ರ ಲಂಗದಿಂದ ಚೂಡಿದಾರಕ್ಕೆ ಬದಲಾಗದಿದ್ದರೆ ಆ ಸೈಕಲ್ಲುಗಳಲ್ಲಿ ಎಷ್ಟೋ ಮನೆಯ ಅಣ್ಣತಮ್ಮಂದಿರ ಪಾಲಾಗುತ್ತಿದ್ದವು. ಚೂಡಿದಾರವೂ ಒಂದು ಕಾಲಕ್ಕೆ ನಮ್ಮ ಸೀಮೆಗೆ 'ಉತ್ತರದವರ ಡ್ರೆಸ್ಸು' ಆಗಿತ್ತು. ಅದನ್ನು ತೊಟ್ಟು ಶಾಲೆಗೆ ಬಂದ ಶಿಕ್ಷಕಿಯರನ್ನು ಗ್ರಾಮಸ್ಥರು ವಾರೆಗಣ್ಣಿನಿಂದ ನೋಡಿದ ದಿನಗಳಿದ್ದವು. ಇಂದು ಅದೇ ಅತ್ಯಂತ 'ಮರ್ಯಾದಸ್ಥ' ಉಡುಪು. ಕೆಳಗಿನ ತರಗತಿಗಳ ಪುಟ್ಟ ಹುಡುಗಿಯರ ತಾಯಂದಿರಂತೂ ಲಂಗದೊಳಗೆ ಚಡ್ಡಿ ತೊಡಿಸಿಯೇ ಖೋ ಖೋ ಆಡಲು ಕಳಿಸುತ್ತಾರೆ. ಅಂಗಡಿಯ ಸ್ಕಾರ್ಟು ಮಾಡಿರುವುದು ಆ ಎರಡನ್ನೂ ಸೇರಿಸಿ ಹೊಲಿದದ್ದಷ್ಟೇ.

ಹೆಣ್ಣಿನ ಉಡುಪು ಬದಲಾಗದಿದ್ದಾಗ ಏನಾಗುತ್ತದೆ? ಎರಡರಲ್ಲೊಂದು. ಯಂತ್ರ ಬದಲಾಗಬೇಕು, ಇಲ್ಲವೇ ಹೆಣ್ಣು ಯಂತ್ರದಿಂದ ದೂರವಿರಬೇಕು. ಭಾರತದ ಕಾನೂನು ಎರಡನ್ನೂ ಮಾಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ತಡೆ ಇರಬೇಕೆಂದು ಹೇಳುತ್ತವೆ. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಲುಕದಿರಲಿ ಎಂಬುದು ಉದ್ದೇಶ. ನಾವು 'ಸ್ಯಾರಿ ಗಾರ್ಡ್' ಎಂದು ಕರೆಯುವುದು ಅದನ್ನೇ. ಇದು ವಿವೇಕದ ನಿಯಮ. ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಅದರ ಚಿತ್ರದಲ್ಲಿ ಹೆಣ್ಣು ಹಿಂದೆ ಕುಳಿತವಳು. ವಾಹನ ಓಡಿಸುವವಳನ್ನು ಕಲ್ಪಿಸಿಕೊಂಡಿದ್ದರೆ ನಿಯಮದ ಸ್ವರೂಪವೇ ಬೇರೆಯಾಗುತ್ತಿತ್ತೇನೋ.

ಎರಡನೆಯದು ಇನ್ನೂ ಗಂಭೀರ. 1948ರ ಕಾರ್ಖಾನೆ ಕಾಯ್ದೆಯ 22ನೆಯ ಸೆಕ್ಷನ್ ಪ್ರಕಾರ, ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸುವ, ಅದಕ್ಕೆ ಎಣ್ಣೆ ಹಾಕುವಂಥ ಕೆಲಸವನ್ನು ವಿಶೇಷ ತರಬೇತಿ ಪಡೆದ ವಯಸ್ಕ ಪುರುಷ ಕೆಲಸಗಾರ ಮಾತ್ರ ಮಾಡಬೇಕಿತ್ತು. ಅವನು ಮೈಗೊಪ್ಪುವ ಬಿಗಿ ಉಡುಪು ಧರಿಸಬೇಕಿತ್ತು. ಆ ಉಡುಪನ್ನು ಕಾರ್ಖಾನೆಯವರೇ ಒದಗಿಸಬೇಕಿತ್ತು. ಹೆಂಗಸಿನ ವಿಷಯದಲ್ಲಿ ಕಾಯ್ದೆಯ ಪರಿಹಾರ ಚಿಕ್ಕದು: ಅವಳು ಅಂಥ ಕೆಲಸಕ್ಕೆ ಬೇಡ. ಗಂಡಿಗೆ ಸುರಕ್ಷಿತ ಉಡುಪು, ಹೆಣ್ಣಿಗೆ ನಿಷೇಧ. ಬಟ್ಟೆಯಿಂದ ಅಪಾಯವಿದೆ ಎಂದು ಗೊತ್ತಿದ್ದ ಶಾಸನಕರ್ತರಿಗೆ, ಬಟ್ಟೆ ಬದಲಿಸಿದರೆ ಹೆಣ್ಣೂ ಆ ಕೆಲಸ ಮಾಡಬಲ್ಲಳು ಎಂಬ ಯೋಚನೆ ಬರಲಿಲ್ಲ. ಯಂತ್ರದ ಬಳಿಯ ಕೆಲಸಕ್ಕೆ ಹೆಚ್ಚು ಕೂಲಿ, ಕೂತು ಸುಲಿಯುವ, ಸೋಸುವ, ವಿಂಗಡಿಸುವ ಕೆಲಸಕ್ಕೆ ಕಡಿಮೆ ಕೂಲಿ ಎಂಬ ಏಣಿಯ ಮೆಟ್ಟಿಲುಗಳಲ್ಲಿ ಈ ಉಡುಪಿನ ಪಾತ್ರವೂ ಇದೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಕುರಿತ ಸಂಹಿತೆ ಹಳೆಯ ಕಾಯ್ದೆಯ ಸ್ಥಾನದಲ್ಲಿ ನಿಂತಿದೆ. ಎಲ್ಲ ಸಂಸ್ಥೆಗಳಲ್ಲಿ ಎಲ್ಲ ಬಗೆಯ ಕೆಲಸಕ್ಕೂ ಮಹಿಳೆಯರು ಅರ್ಹರು ಎಂದು ಅದು ಸಾರುತ್ತದೆ. ಬಾಗಿಲು ತೆರೆಯಿತು, ಸರಿ. ಆದರೆ ನಾರು ಬಿಡಿಸುವ ಯಂತ್ರದ ಪಟ್ಟಿಯ ಪಕ್ಕ ಸೆರಗು ಸಿಕ್ಕಿಸಿಕೊಂಡು ನಿಂತವಳಿಗೆ ಉಡುಪು ಒದಗಿಸುವವರು ಯಾರು? ಮೂರು ತಾಲ್ಲೂಕುಗಳಲ್ಲಿ ಹಬ್ಬಿರುವ ಸಣ್ಣ ಘಟಕಗಳಲ್ಲಿ ಎಷ್ಟೋ, ಕೆಲಸಗಾರರ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ, ಕಾನೂನಿನ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಸುರಕ್ಷತೆ ಎಂದರೆ ಹೆಂಗಸಿನ ಸ್ವಂತ ಎಚ್ಚರಿಕೆ, ಮತ್ತು ಗಂಡನ ಹಳೆಯ ಅಂಗಿ.

ಸರ್ಕಾರಕ್ಕೆ ಈ ವಿಷಯ ತಿಳಿದಿಲ್ಲ ಎನ್ನುವಂತಿಲ್ಲ. 2018ರ ಅಕ್ಟೋಬರಿನಲ್ಲಿ, ರಾಜ್ಯದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕಿ ನೀಲಮಣಿ ಎನ್. ರಾಜು ಅವರ ಅವಧಿಯಲ್ಲಿ, ಮಹಿಳಾ ಪೊಲೀಸರು ಕರ್ತವ್ಯದ ವೇಳೆ ಖಾಕಿ ಸೀರೆಯ ಬದಲು ಪ್ಯಾಂಟು, ಅಂಗಿ ಧರಿಸಬೇಕೆಂಬ ಸೂಚನೆ ಹೊರಟಿತು. ಅಪರಾಧಿಯನ್ನು ಬೆನ್ನಟ್ಟಬೇಕಾದವಳಿಗೆ ನಿರಿಗೆ ತೊಡಕು ಎಂಬುದನ್ನು ಇಲಾಖೆ ಒಪ್ಪಿಕೊಂಡಿತು. ಅದೇ ಸರ್ಕಾರದ ಇನ್ನೊಂದು ಕೈ ಆಶಾ ಕಾರ್ಯಕರ್ತೆಗೆ ಗುಲಾಬಿ ಸೀರೆ ಉಡಿಸುತ್ತದೆ. ಅವಳು ಮನೆಮನೆ ತಿರುಗಬೇಕು, ಮಳೆಗಾಲದ ಕೆಸರಿನಲ್ಲಿ ತೋಟದ ಮನೆಗಳಿಗೆ ನಡೆಯಬೇಕು, ರಾತ್ರಿಯ ಹೆರಿಗೆಗೆ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸಳ ಓಟ ಕಾಣಿಸಿದ ಕಣ್ಣಿಗೆ ಆಶಾಳ ನಡಿಗೆ ಕಾಣಿಸಲಿಲ್ಲವೇ? ಅಧಿಕಾರವಿರುವ ಹುದ್ದೆಗೆ ಚಲನೆಯ ಉಡುಪು, ಸೇವೆಯ ಹುದ್ದೆಗೆ ಶೋಭೆಯ ಉಡುಪು ಎಂಬ ವಿಂಗಡಣೆ ಇದರಲ್ಲಿ ಅಡಗಿದೆಯೇ ಎಂದು ಕೇಳಲೇಬೇಕಾಗುತ್ತದೆ.

ತೆಂಗಿನ ಮರದ ಉದಾಹರಣೆ ಇನ್ನೂ ನೇರವಾದದ್ದು. ಮರ ಹತ್ತುವವರು ಸಿಗದೆ ಕಂಗೆಟ್ಟ ಹೊತ್ತಿನಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿಯನ್ನು ಆರಂಭಿಸಿತು. ಪಾದಗಳನ್ನು ಊರಿ, ಒಂದಾದ ಮೇಲೊಂದು ಕಾಲನ್ನು ಮೇಲಕ್ಕೆ ಸರಿಸುತ್ತ ಏರುವ ಯಂತ್ರವನ್ನು ಬಳಸಿ ಕೇರಳದಲ್ಲಿ ಮಹಿಳೆಯರೂ ಮರ ಹತ್ತಿ ಕಾಯಿ ಕೆಡವಿದರು. ಹೆಣ್ಣು ಮರ ಹತ್ತಬಾರದೆಂಬ ನಂಬಿಕೆಯನ್ನು ಮುರಿಯುವಲ್ಲಿ ಯಂತ್ರದ ಪಾತ್ರ ಎಷ್ಟೋ, ಉಡುಪಿನ ಪಾತ್ರವೂ ಅಷ್ಟೇ. ಎರಡು ಕಾಲುಗಳೂ ಬೇರೆಬೇರೆಯಾಗಿ ಚಲಿಸಬೇಕಾದ ಆ ಯಂತ್ರವನ್ನು ನಿರಿಗೆ ಹಿಡಿದ ಸೀರೆಯಲ್ಲಿ ಬಳಸಲಾಗದು. ಮರ ಹತ್ತುವವನ ಕೂಲಿಗೂ ಕೆಳಗೆ ಕಾಯಿ ಆಯುವವಳ ಕೂಲಿಗೂ ಇರುವ ಅಂತರ ತೋಟದ ಒಡೆಯರಿಗೆಲ್ಲ ಗೊತ್ತು. ತಿಪಟೂರು ಸೀಮೆಯ ಎತ್ತರದ ತಳಿಯ ಮರದ ತುದಿಗೂ ಬುಡಕ್ಕೂ ನಡುವಿನ ದೂರವನ್ನು ದಾಟಲು ಹೆಣ್ಣಿಗೆ ಬೇಕಾದದ್ದು ತರಬೇತಿ, ವಿಮೆ, ಮತ್ತು ಒಂದು ಜೊತೆ ಸರಿಯಾದ ಬಟ್ಟೆ.

ಹಾಗಾದರೆ ಎಲ್ಲ ಹೆಂಗಸರಿಗೂ ಸ್ಕಾರ್ಟನ್ನೋ ಪ್ಯಾಂಟನ್ನೋ ತೊಡಿಸಿಬಿಟ್ಟರೆ ಆಯಿತೇ? ಇಲ್ಲಿ ಎಚ್ಚರ ಬೇಕು. ಐರ್ಲೆಂಡಿನಲ್ಲಿ ಮಹಿಳೆಯರು ಆಡುವ ಕಮೋಗಿ ಎಂಬ ಕೋಲು ಚೆಂಡಿನ ಆಟವಿದೆ. ಅಲ್ಲಿ ಸ್ಕಾರ್ಟು ಕಡ್ಡಾಯವಾಗಿತ್ತು. 2025ರ ಮೇ ತಿಂಗಳಲ್ಲಿ ಡಬ್ಲಿನ್ ಮತ್ತು ಕಿಲ್ಕೆನಿ ತಂಡಗಳ ಆಟಗಾರ್ತಿಯರು ಚಡ್ಡಿ ತೊಟ್ಟು ಮೈದಾನಕ್ಕಿಳಿದಾಗ, ಸ್ಕಾರ್ಟು ಧರಿಸದಿದ್ದರೆ ಆಟವೇ ಇಲ್ಲ ಎಂದು ಅವರನ್ನು ಬಟ್ಟೆ ಬದಲಿಸಲು ಕಳಿಸಲಾಯಿತು. ಪ್ರತಿಭಟನೆ ದೇಶವ್ಯಾಪಿಯಾಯಿತು. ಅದೇ ತಿಂಗಳ 22ರಂದು ಸೇರಿದ ವಿಶೇಷ ಸಭೆಯಲ್ಲಿ ಶೇ 98ರಷ್ಟು ಮತಗಳು ಆಯ್ಕೆಯ ಪರವಾಗಿ ಬಿದ್ದವು. ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ 2011ರಲ್ಲಿ ಆಟಗಾರ್ತಿಯರಿಗೆ ಲಂಗ ಕಡ್ಡಾಯ ಮಾಡಲು ಹೊರಟು, ವಿರೋಧದ ಬಳಿಕ 2012ರಲ್ಲಿ ಕೈಬಿಟ್ಟಿತು. ಒಂದೆಡೆ ಕೋಟ್ಯಂತರ ಮಹಿಳೆಯರು ಪ್ರೀತಿಯಿಂದ ಆರಿಸಿಕೊಂಡ ಉಡುಪು, ಇನ್ನೊಂದೆಡೆ ಕಡ್ಡಾಯವಾದೊಡನೆ ಸಂಕೋಲೆಯಾಯಿತು. ಬಟ್ಟೆ ಅದೇ, ತೀರ್ಮಾನಿಸಿದವರು ಬೇರೆ. ನಮ್ಮ ಪೊಲೀಸ್ ಇಲಾಖೆಯ ಸೂಚನೆಯನ್ನೂ, ಶಾಲಾ ಕಾಲೇಜುಗಳ ವಸ್ತ್ರಸಂಹಿತೆಗಳನ್ನೂ ಈ ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಮರ್ಯಾದೆಯ ಆಕ್ಷೇಪವೂ ಏಳುತ್ತದೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ 2018ರಲ್ಲಿ ಊರ ಹಿರಿಯರು ಹಗಲು ಹೊತ್ತು ನೈಟಿ ತೊಡುವುದನ್ನು ನಿಷೇಧಿಸಿ, ತಪ್ಪಿದವರಿಗೆ 2,000 ರೂಪಾಯಿ ದಂಡ ಎಂದು ಸಾರಿದ್ದರು. ನಮ್ಮ ಹಳ್ಳಿಗಳಲ್ಲೂ ನೈಟಿಯ ಮೇಲೊಂದು ಟವೆಲು ಹೊದ್ದು ನೀರಿಗೆ, ಡೇರಿಗೆ, ಅಂಗಡಿಗೆ ಹೋಗುವ ಹೆಂಗಸರ ಬಗ್ಗೆ ಹಾಸ್ಯ ಮಾಡುವವರಿಗೆ ಬರವಿಲ್ಲ. ಅಡಿಗೆ, ಕೊಟ್ಟಿಗೆ, ಬಟ್ಟೆ, ಪಾತ್ರೆ, ಮಕ್ಕಳ ಶಾಲೆ ಎಲ್ಲವನ್ನೂ ಬೆಳಗಿನ ಮೂರು ಗಂಟೆಗಳಲ್ಲಿ ಮುಗಿಸಬೇಕಾದವಳು ಸಡಿಲವಾದ, ಒಗೆಯಲು ಸುಲಭವಾದ, ಬೆಲೆ ಕಡಿಮೆಯಾದ ಬಟ್ಟೆಯನ್ನು ಆರಿಸಿಕೊಂಡದ್ದರಲ್ಲಿ ನಗುವಂಥದ್ದೇನಿದೆ? ಅದೇ ಹಿರಿಯರು ಬರಿಮೈಯಲ್ಲಿ, ಪಟಾಪಟಿ ಚಡ್ಡಿಯಲ್ಲಿ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುವುದು ಯಾರ ಮರ್ಯಾದೆಗೂ ಕುಂದು ತಂದಿಲ್ಲ. ಮಲೆನಾಡಿನಲ್ಲಿರಲಿ, ಬಯಲುಸೀಮೆಯಲ್ಲಿರಲಿ, ಗಂಡಿನ ಉಡುಪನ್ನು ಕೆಲಸ ನಿರ್ಧರಿಸಿದೆ. ಹೆಣ್ಣಿನ ಉಡುಪನ್ನು ನೋಡುವವರ ಕಣ್ಣು ನಿರ್ಧರಿಸಿದೆ.

ಮಾಡಬಹುದಾದ ಕೆಲಸಗಳು ದೊಡ್ಡ ಹಣದವೇನೂ ಅಲ್ಲ. ಊರೂರಿನ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಹೊಲಿಗೆ ಬಲ್ಲವರಿದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಊರಿಗೆ ಮರಳಿದವರೂ ಇದ್ದಾರೆ. ಹೊರದೇಶದ ಹೆಂಗಸರಿಗೆ ಉಡುಪು ಹೊಲಿದ ಆ ಕೈಗಳಿಗೆ ತಮ್ಮ ನೆರೆಯವಳ ಅಳತೆ ತಿಳಿಯದೇ? ತೋಟಕ್ಕೆ, ನಾರಿನ ಘಟಕಕ್ಕೆ, ಕೊಬ್ಬರಿ ಪುಡಿ ಕಾರ್ಖಾನೆಗೆ ಒಪ್ಪುವ ಉಡುಪು ಯಾವುದೆಂದು ಅದನ್ನು ತೊಡುವವರನ್ನೇ ಕೇಳಿ, ಅವರಿಂದಲೇ ಹೊಲಿಸಬಹುದು. ಅದು ಸೀಳು ಲಂಗವಾದೀತು, ಮೊಣಕಾಲುದ್ದದ ಅಂಗಿ ಮತ್ತು ಇಜಾರವಾದೀತು, ಕಚ್ಚೆಯ ಸೀರೆಯೂ ಆದೀತು. ತುಂಬುತೋಳು, ಗಟ್ಟಿ ಬಟ್ಟೆ, ಎರಡು ಆಳವಾದ ಜೇಬು ಇರಲಿ. ಸಾಲ, ಸಹಾಯಧನ ಪಡೆಯುವ ಘಟಕಗಳು ಯಂತ್ರದ ಪಟ್ಟಿಯ ಜೊತೆಗೆ ಕೆಲಸಗಾರ್ತಿಯರ ಉಡುಪಿನ ಖರ್ಚನ್ನೂ ತೋರಿಸಬೇಕೆಂದು ಇಲಾಖೆಗಳು ಕೇಳಬಹುದು. ಆಶಾ ಕಾರ್ಯಕರ್ತೆಯರಿಗೆ ಸೀರೆ ಅಥವಾ ಚೂಡಿದಾರ ಎಂಬ ಆಯ್ಕೆ ಕೊಡಲು ಒಂದು ಸುತ್ತೋಲೆ ಸಾಕು. ಮರ ಹತ್ತುವ ತರಬೇತಿಯ ಪ್ರಕಟಣೆಯಲ್ಲಿ ಮಹಿಳೆಯರಿಗೂ ಅವಕಾಶವಿದೆ ಎಂದು ಬರೆದರೆ ಸಾಲದು. ಅವರ ಅಳತೆಯ ಉಡುಪೂ ಇದೆ ಎಂದು ಬರೆಯಬೇಕು.

ರಾಜ್ಯದ ಹೆಂಗಸರು 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹಣ ಕೊಡದೆ ಓಡಾಡುತ್ತಿದ್ದಾರೆ. ಹೆಣ್ಣಿನ ಚಲನೆಗೆ ಸರ್ಕಾರ ಹಣ ತೆತ್ತಿದೆ, ಸಮಾಜವೂ ಗೊಣಗುತ್ತಲೇ ಅದನ್ನು ಒಪ್ಪಿಕೊಂಡಿದೆ. ಬಸ್ಸಿನಿಂದ ಇಳಿದ ಮೇಲೆ ಅವಳು ನಡೆಯುವ, ಬಗ್ಗುವ, ಹತ್ತುವ, ತುಳಿಯುವ ಚಲನೆ ಉಳಿದಿದೆ. ತೆಂಗಿನ ಸೀಮೆಯಲ್ಲಿ ಮಟ್ಟೆ, ಚಿಪ್ಪು, ನಾರು, ಗರಿ ಯಾವುದನ್ನೂ ವ್ಯರ್ಥ ಮಾಡುವುದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಜಾರುವ ಸೆರಗನ್ನು ದಿನಕ್ಕೆ ನೂರು ಸಲ ಸರಿಪಡಿಸಿಕೊಳ್ಳುವುದರಲ್ಲಿ ವ್ಯರ್ಥವಾಗುವ ಹೆಣ್ಣಿನ ಶ್ರಮವನ್ನೂ ಆ ಲೆಕ್ಕಕ್ಕೆ ಸೇರಿಸುವ ಕಾಲ ಬಂದಿದೆ.